ಬದುವಿನ ಹೊಂಗೆಯಿಂದ ಪಂಪ್‌ಸೆಟ್‌ಗೆ ಬಯೋಡೀಸೆಲ್

ಬದುವಿನ ಹೊಂಗೆ ಬೇಸಿಗೆಯಲ್ಲಿ ಕಾಯಿ ಉದುರಿಸುತ್ತದೆ, ಆರಿಸುವವರಿಲ್ಲದೆ ಅಲ್ಲೇ ಕೊಳೆಯುತ್ತದೆ. ಅದರ ಬೀಜದ ಎಣ್ಣೆಯಿಂದ ಬಯೋಡೀಸೆಲ್ ಎಂಬ ಇಂಧನ ಮಾಡಿ ಡೀಸೆಲ್ ಎಂಜಿನ್ ಓಡಿಸಬಹುದು. ಹಾಗಂತ ಹೊಲದ ಕಸವೆಲ್ಲ ಬಯೋಡೀಸೆಲ್ ಆಗುವುದಿಲ್ಲ. ಹುಲ್ಲು, ಹೊಟ್ಟಿನಲ್ಲಿ ಎಣ್ಣೆ ಎಲ್ಲಿದೆ? ಹಾಸನದ ಮಡೆನೂರಿನ ಜೈವಿಕ ಇಂಧನ ಪಾರ್ಕ್ ಕೂಡ ಹೊಂಗೆ, ಬೇವಿನಂಥ ಎಣ್ಣೆಬೀಜಗಳನ್ನೇ ನೆಚ್ಚಿಕೊಂಡಿತು.

ಬೀಜ ಒಣಗಿಸಿ ಗಾಣಕ್ಕೆ ಕೊಡಿ. ಸುಮಾರು 4 ಕೆ.ಜಿ.ಗೆ 1 ಲೀಟರ್ ಎಣ್ಣೆ. ಹಿಂಡಿ ತೋಟಕ್ಕೆ ಗೊಬ್ಬರ. ಎಣ್ಣೆ ಸೋಸಿ 110 ಡಿಗ್ರಿಗೆ ಕಾಯಿಸಿ, ಚಟಪಟ ಸದ್ದು ನಿಂತರೆ ನೀರು ಹೋಯಿತು ಅಂತ ಲೆಕ್ಕ.

ಈಗ ಆಮ್ಲ ಪರೀಕ್ಷೆ, ಅಂದರೆ ಎಣ್ಣೆಯಲ್ಲಿ ಆಮ್ಲ ಎಷ್ಟಿದೆ ಅಂತ ನೋಡುವುದು. ಇದನ್ನು ಬಿಟ್ಟವರೇ ಜಾಸ್ತಿ ಕೆಡುವುದು. 1 ಲೀಟರ್ ನೀರಿಗೆ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿಡಿ. 1 ಎಂ.ಎಲ್. ಎಣ್ಣೆಯನ್ನು 10 ಎಂ.ಎಲ್. ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಬೆರೆಸಿ, ಬಣ್ಣ ತೋರಿಸುವ ಫಿನಾಲ್ಫ್ತಲೀನ್ ದ್ರಾವಣ ಎರಡು ಹನಿ ಹಾಕಿ, ಗುಲಾಬಿ ಬಣ್ಣ ನಿಲ್ಲುವವರೆಗೆ ಆ ಸೋಡಾ ನೀರು ಬಿಡಿ. 2 ಎಂ.ಎಲ್. ಹಿಡಿಯಿತೇ? ಹಾಗಾದರೆ ಲೀಟರ್ ಎಣ್ಣೆಗೆ 3.5 ಗ್ರಾಂ ಜೊತೆ ಇನ್ನೂ 2 ಗ್ರಾಂ ಸೋಡಾ. 4 ಎಂ.ಎಲ್. ದಾಟಿದರೆ ಮೊದಲು ಗಂಧಕಾಮ್ಲದ ಹಂತ ಬೇಕು, ಅದನ್ನು ಮನೆಯಲ್ಲಿ ಮಾಡಬೇಡಿ. ಹಳೇ ಬೀಜದ ಎಣ್ಣೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ.

ಲೀಟರ್ ಎಣ್ಣೆಗೆ ಲೆಕ್ಕ ಬಂದಷ್ಟು ಸೋಡಾವನ್ನು 200 ಎಂ.ಎಲ್. ಮೆಥನಾಲ್‌ನಲ್ಲಿ ಕರಗಿಸಿ. ಮೆಥನಾಲ್ ವಿಷ, ಅದರ ಬೆಂಕಿ ಹಗಲಲ್ಲಿ ಕಣ್ಣಿಗೇ ಕಾಣದು. ಗ್ಲೌಸ್, ಕನ್ನಡಕ, ಬಯಲು ಜಾಗ ಬೇಕೇ ಬೇಕು, ಹತ್ತಿರ ಒಲೆ ಬೇಡ. 60 ಡಿಗ್ರಿಯ ಎಣ್ಣೆಗೆ ಸೇರಿಸಿ, ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ ಒಂದು ಗಂಟೆ ಕಲಕಿ. 65ಕ್ಕೆ ಮೆಥನಾಲ್ ಕುದಿಯುತ್ತದೆ, ಅದಕ್ಕೇ 60. ರಾತ್ರಿಯಿಡೀ ಬಿಟ್ಟರೆ ಕಾಕಂಬಿಯಂಥ ಗ್ಲಿಸರಿನ್ ತಳದಲ್ಲಿ ನಿಲ್ಲುತ್ತದೆ. ಅದನ್ನು ಬಸಿದು ತೆಗೆಯಿರಿ.

ಉಳಿದದ್ದನ್ನು ಬೆಚ್ಚಗಿನ ನೀರಿನಲ್ಲಿ ಮೂರ್ನಾಲ್ಕು ಸಲ ತೊಳೆಯಿರಿ. ಮೆಲ್ಲಗೆ! ನಾನು ಮೊದಲ ಸಲ ಬಾಟಲಿ ಜೋರಾಗಿ ಕುಲುಕಿದೆ, ಎಲ್ಲ ಕಡೆದ ಮೊಸರಿನ ಹಾಗಾಗಿ ಎರಡು ದಿನ ಒಡೆಯಲೇ ಇಲ್ಲ. ಕೆಳಗಿನ ನೀರು ತಿಳಿಯಾದ ಮೇಲೆ ಮತ್ತೆ 110ಕ್ಕೆ ಕಾಯಿಸಿ ನೀರಿನ ಪಸೆ ಆರಿಸಿ.

ಇಷ್ಟೆಲ್ಲ ಯಾಕೆ, ಎಣ್ಣೆಯನ್ನೇ ಸುರಿದರೆ ಆಗಲ್ವಾ? 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು, ನಿಜ. ಆದರೆ ಎಣ್ಣೆ ಮಂದ, ದಿನ ಕಳೆದಂತೆ ಎಂಜಿನ್‌ಗೆ ಇಂಧನ ಸಿಂಪಡಿಸುವ ನಾಜಲ್‌ಗೆ ಕರಿ ಕಟ್ಟುತ್ತದೆ.

ಶುರುವಿಗೆ 5 ಲೀಟರಿನಲ್ಲಿ 1 ಲೀಟರ್ ಬಯೋಡೀಸೆಲ್, 4 ಲೀಟರ್ ಡೀಸೆಲ್ ಸಾಕು. ಹಳೇ ಟ್ಯಾಂಕಿನ ಕೊಳೆಯನ್ನೆಲ್ಲ ಇದು ತೊಳೆದು ತರುತ್ತದೆ, ಒಂದು ಸ್ಪೇರ್ ಫಿಲ್ಟರ್ ತಂದಿಟ್ಟುಕೊಳ್ಳಿ.