ವಯಸ್ಸು ನೋಡಿ ಲೇನ್ ಕೊಡುವುದನ್ನು ಬಿಟ್ಟ ಮೇಲೆ: ಮಕ್ಕಳ ಈಜು ಕ್ಲಬ್ಬಿನ ಗುಂಪು ವಿಂಗಡಣೆ, ನನ್ನ ಅನುಭವ

ಕಾರವಾರದಂಥ ಊರಲ್ಲಿ ಮಕ್ಕಳ ಈಜು ಕ್ಲಬ್ ನಡೆಸುವವರಿಗೆ ಕಲಿಸುವುದಕ್ಕಿಂತ ದೊಡ್ಡ ತಲೆನೋವೆಂದರೆ ಯಾರನ್ನು ಯಾವ ಲೇನಿಗೆ ಹಾಕಬೇಕು ಎಂಬುದು. ವಯಸ್ಸು ಮತ್ತು 50 ಮೀಟರಿನ ಟೈಮ್ ಎರಡನ್ನೂ ಬದಿಗಿಟ್ಟು, ಯಾವ ಸೆಂಡ್ ಆಫನ್ನು (ಒಂದು ಸಲ ಹೊರಟಲ್ಲಿಂದ ಮುಂದಿನ ಸಲ ಹೊರಡುವವರೆಗಿನ ನಿಗದಿ ಸಮಯ) ಮಗು ಕಡೆಯವರೆಗೂ ಹಿಡಿಯುತ್ತದೆ ಎಂದು ನೋಡಿ ಗುಂಪು ಮಾಡುತ್ತೇವೆ ಎಂದಾಗ ಪಾಲಕರು ಒಪ್ಪಲಿಲ್ಲ, ಪರಿಚಯದ ಕೋಚ್‌ಗಳೂ ಒಪ್ಪಲಿಲ್ಲ. ಅದೆಲ್ಲ ದೊಡ್ಡ ಕೊಳ, ಎಂಟು ಲೇನ್ ಇದ್ದವರಿಗೆ ಸರಿ, ನಿಮ್ಮ ನಾಲ್ಕು ಲೇನಿಗೆ ಅಲ್ಲ ಎಂದರು. ನಮ್ಮ ಅನುಭವದಲ್ಲಿ ಆಗಿದ್ದು ಇದರ ತಿರುಗಾಮುರುಗಾ. ಲೇನ್ ಕಡಿಮೆ ಇದ್ದವರಿಗೇ ಇದು ಹೆಚ್ಚು ಬೇಕು.

ಒಂದು ಲೇನಿನ ಲೆಕ್ಕ ನೋಡಿ. 25 ಮೀಟರ್ ಕೊಳ, ಲೇನಿನಲ್ಲಿ ಆರು ಮಕ್ಕಳು, 5 ಸೆಕೆಂಡ್ ಅಂತರದಲ್ಲಿ ಬಿಡುತ್ತೀರಿ. ಕಡೆಯವನು ಹೊರಡುವುದು ಮೊದಲಿನವನಿಗಿಂತ 25 ಸೆಕೆಂಡ್ ತಡವಾಗಿ. ಮೊದಲಿನವನು 50 ಮೀಟರನ್ನು 40 ಸೆಕೆಂಡಿನಲ್ಲಿ ಈಜುತ್ತಾನೆ, ಕಡೆಯವನಿಗೆ 55 ಸೆಕೆಂಡ್ ಬೇಕು. 80ನೇ ಸೆಕೆಂಡಿಗೆ ಮೊದಲಿನವನ 100 ಮುಗಿಯುತ್ತದೆ, ಕಡೆಯವನ 50 ಮುಗಿಯುತ್ತದೆ. ಇಬ್ಬರೂ ಒಂದೇ ಗೋಡೆಗೆ ಒಟ್ಟಿಗೆ ಬರುತ್ತಾರೆ. ಸೆಟ್ (ಒಂದೇ ದೂರವನ್ನು ಮತ್ತೆ ಮತ್ತೆ ಈಜುವ ಅಭ್ಯಾಸ) 200ರದ್ದಾದರೆ ಅಲ್ಲಿಂದ ಮುಂದೆ ಕಾಲು ಎಳೆಯುವುದು, ಹಗ್ಗ ಹಿಡಿದು ನಿಲ್ಲುವುದು, ಜಗಳ. ವಯಸ್ಸಿನ ಪ್ರಕಾರ ಮಾಡಿದ ಲೇನಿನಲ್ಲಿ ಇಷ್ಟು ಅಂತರ ಸಾಮಾನ್ಯ. ಹಾಗಾಗಿ ಅಂಥ ಲೇನಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಮಕ್ಕಳನ್ನು ಹಾಕಲು ಬರುವುದಿಲ್ಲ. 100 ಮೀಟರಿಗೆ 10 ಸೆಕೆಂಡಿನೊಳಗಿನ ಅಂತರ ಇರುವವರನ್ನೇ ಸೇರಿಸಿದರೆ ಏಳು ಮಕ್ಕಳು ಆರಾಮಾಗಿ ಹಿಡಿಸುತ್ತಾರೆ.

ದುಡ್ಡು ಉಳಿಯುವುದೂ ಇಲ್ಲೇ. ಲೇನ್ ಬಾಡಿಗೆ ಗಂಟೆಗೆ 250–300 ರೂಪಾಯಿ ಹಿಡಿಯಿರಿ. ದಿನಕ್ಕೆ ಒಂದೂವರೆ ತಾಸು, ತಿಂಗಳಿಗೆ 20–21 ದಿನ ಅಂದರೆ ಒಂದು ಲೇನಿಗೆ ಹೆಚ್ಚುಕಮ್ಮಿ 8,500. ನಾಲ್ಕು ಮಕ್ಕಳಿದ್ದರೆ ತಲೆಗೆ 2,100 ದಾಟುತ್ತದೆ, ಏಳು ಮಕ್ಕಳಿದ್ದರೆ 1,250ರೊಳಗೆ ಬರುತ್ತದೆ. ಕೋಚ್ ಸಂಬಳ ಬೇರೆ. ನಮ್ಮ ಕಮಿಟಿಯವರು ಈ ಪದ್ಧತಿಗೆ ಒಪ್ಪಿದ್ದು ಈ ಒಂದು ಲೆಕ್ಕ ನೋಡಿಯೇ.

50 ಮೀಟರಿನ ಟೈಮ್ ಯಾಕೆ ಕೈಕೊಡುತ್ತದೆ ಎಂದರೆ, ಅದು ಜೋರು ತೋರಿಸುತ್ತದೆ, ದಮ್ಮು ತೋರಿಸುವುದಿಲ್ಲ. ಎರಡು ನಿಮಿಷದ ಸೆಂಡ್ ಆಫ್‌ನಲ್ಲಿ ಎಂಟು ಸಲ 100 ಕೊಟ್ಟಾಗ 50ರಲ್ಲಿ ಹೆಸರು ಮಾಡಿದ ಹುಡುಗ ಹೀಗೆ ಬರುತ್ತಾನೆ: 1:28, 1:37, 1:45, 1:51, 1:54. ಐದನೆಯದಕ್ಕೆ ಬರುವಷ್ಟರಲ್ಲಿ ಅವನಿಗೆ ಉಸಿರಾಡಲು ಸಿಗುವುದು 6 ಸೆಕೆಂಡ್. ಪಕ್ಕದಲ್ಲಿ ಇನ್ನೊಬ್ಬಳು ಎಂಟಕ್ಕೆ ಎಂಟನ್ನೂ 1:41–1:43ರಲ್ಲಿ ಮುಗಿಸಿ ಪ್ರತಿ ಸಲ 17–19 ಸೆಕೆಂಡ್ ನಿಲ್ಲುತ್ತಾಳೆ. 50ರ ಪಟ್ಟಿಯಲ್ಲಿ ಅವನು ಮೇಲೆ, ನಮ್ಮ ಪಟ್ಟಿಯಲ್ಲಿ ಅವಳು ಮೇಲೆ. ಅವನನ್ನು ಮೇಲಿನ ಲೇನಿಗೆ ಹಾಕಿದರೆ ದಿನವೂ ಅರ್ಧ ಸೆಟ್ ಬಿಡುತ್ತಾನೆ, ಬಿಡುವುದು ಅಭ್ಯಾಸವಾಗುತ್ತದೆ.

ನಮ್ಮ ಪರೀಕ್ಷೆಯ ನಿಯಮ ಇಷ್ಟೇ. ಎಂಟೂ ಸೆಂಡ್ ಆಫ್‌ಗೆ ಸರಿಯಾಗಿ ಹೊರಡಬೇಕು, ಎರಡನೆಯದಕ್ಕೂ ಎಂಟನೆಯದಕ್ಕೂ ನಡುವೆ 5 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೊದಲನೆಯದನ್ನು ಎಣಿಸುವುದಿಲ್ಲ, ಹುಮ್ಮಸ್ಸಿನಲ್ಲಿ ಎಲ್ಲರೂ ಓಡಿಸುತ್ತಾರೆ. ಪರೀಕ್ಷೆಯ ಸೆಂಡ್ ಆಫ್ ಎಷ್ಟು ಕೊಡಬೇಕು ಎನ್ನುವುದಕ್ಕೆ 400 ಮತ್ತು 200ರ ಟೈಮ್ ಬೇಕು, ಎರಡನ್ನೂ ಬೇರೆ ಬೇರೆ ದಿನ ತೆಗೆಯಿರಿ. 400 ಏಳು ನಿಮಿಷ, 200 ಮೂರು ನಿಮಿಷ 18 ಸೆಕೆಂಡ್ ಎಂದುಕೊಳ್ಳಿ. ಕಳೆದರೆ 222 ಸೆಕೆಂಡ್, ಅದರ ಅರ್ಧ 111. ಆ ಮಗು 100ಕ್ಕೆ 1:51ರ ವೇಗ ತಡೆದುಕೊಳ್ಳುತ್ತದೆ, ಸೆಂಡ್ ಆಫ್ 2:05 ಸಾಕು. ಹತ್ತು ವರ್ಷದ ಕೆಳಗಿನವರಿಗೆ 400 ಕೊಡಬೇಡಿ. ಕಡೆಯ 100ರಲ್ಲಿ ಸ್ಟ್ರೋಕ್ ಪೂರ್ತಿ ಕೆಟ್ಟು, ಸಿಗುವ ಟೈಮಿಗೆ ಅರ್ಥವೇ ಇರುವುದಿಲ್ಲ. ಅವರಿಗೆ 1:15ರಲ್ಲಿ ಎಂಟು ಸಲ 50 ಸಾಕು.

ಸೆಟ್ಟಿನ ನಡುವೆ ಮಕ್ಕಳಿಗೆ ಹೇಳದೆ ಒಂದು ಬದಲಾವಣೆ ಮಾಡುತ್ತೇವೆ. ಯಾರು ಗಡಿಯಾರ ನೋಡಿ ಈಜುತ್ತಾರೆ, ಯಾರು ಮುಂದಿನವನ ಕಾಲು ನೋಡಿ ಈಜುತ್ತಾರೆ ಎಂದು ಅದರಿಂದ ತಿಳಿಯುತ್ತದೆ. ಏನು ಬದಲಾವಣೆ ಎಂದು ಇಲ್ಲಿ ಬರೆಯುವುದಿಲ್ಲ, ನಮ್ಮ ಮಕ್ಕಳೂ ಇದನ್ನು ಓದುತ್ತಾರೆ.

ಗುಂಪು ನಾಲ್ಕು. ಪ್ರತಿಯೊಂದಕ್ಕೆ ಸೇರಲು ಮಗು ಈಜಿ ತೋರಿಸಬೇಕಾದದ್ದು ಮೊದಲು, ಅಭ್ಯಾಸದ ದಿನ ಮತ್ತು ದಿನದ ಮೀಟರ್ ಆಮೇಲೆ. ಮೊದಲನೆಯದಕ್ಕೆ 25 ಮೀಟರ್ ಫ್ರೀಸ್ಟೈಲ್ ಪಕ್ಕಕ್ಕೆ ಉಸಿರು ತೆಗೆದು, 25 ಬ್ಯಾಕ್, ಗೋಡೆಯಿಂದ 5 ಮೀಟರ್ ಸ್ಟ್ರೀಮ್‌ಲೈನ್ (ಗೋಡೆ ಒದ್ದು ಕೈ ಚಾಚಿ ನೇರ ಜಾರುವುದು). ವಾರಕ್ಕೆ ಮೂರು ದಿನ, ಮುಕ್ಕಾಲು ತಾಸು, 800 ಮೀಟರ್. ಎರಡನೆಯದಕ್ಕೆ ತಪ್ಪಿಲ್ಲದ 100 ಐಎಂ (ಬಟರ್‌ಫ್ಲೈ, ಬ್ಯಾಕ್, ಬ್ರೆಸ್ಟ್, ಫ್ರೀ ನಾಲ್ಕೂ ಒಂದರ ಹಿಂದೊಂದು), ನಿಲ್ಲದೆ 200 ಫ್ರೀ, ಮೇಲೆ ಹೇಳಿದ 50ರ ಸೆಟ್. ಮೂರನೆಯದಕ್ಕೆ 2:00ರಲ್ಲಿ ಎಂಟು 100, ಜೊತೆಗೆ 1:15ರಲ್ಲಿ ಎಂಟು 50 ಬರೀ ಕಿಕ್. ಐದು ದಿನ, ಒಂದೂವರೆ ತಾಸು, 3,000 ಆಸುಪಾಸು. ನಾಲ್ಕನೆಯದಕ್ಕೆ 1:40ರಲ್ಲಿ ಹತ್ತು 100. ಆರು ದಿನ, 4,000 ದಾಟುತ್ತದೆ. ಐಎಂನಲ್ಲಿ ಹೆಚ್ಚು ಮಕ್ಕಳು ನಿಲ್ಲುವುದು ಎರಡೇ ಕಡೆ: ಬ್ರೆಸ್ಟ್‌ಸ್ಟ್ರೋಕಿನಲ್ಲಿ ಕತ್ತರಿ ಕಾಲು (ಎರಡೂ ಕಾಲು ಒಂದೇ ರೀತಿ ಒದೆಯದಿರುವುದು), ಬಟರ್‌ಫ್ಲೈಯಲ್ಲಿ ಎರಡೂ ಕೈ ಒಟ್ಟಿಗೆ ತಾಗಿಸಬೇಕಾದಲ್ಲಿ ಒಂದೇ ಕೈ ಗೋಡೆಗೆ. ಇವೆರಡನ್ನು ಎರಡನೇ ಗುಂಪಿನಲ್ಲೇ ತಿದ್ದದೆ ಮೇಲೆ ಕಳಿಸಿದರೆ ಮುಂದೆ ತಿದ್ದಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

25 ಮೀಟರಿನ ಕೊಳ ನಮ್ಮನ್ನು ಮೋಸ ಮಾಡುವುದು ಟರ್ನಿನಲ್ಲಿ. ಇಲ್ಲಿ 100ಕ್ಕೆ ಮೂರು ಟರ್ನ್, ಬೆಂಗಳೂರಿನ 50 ಮೀಟರಿನ ಕೊಳಕ್ಕೆ ಹೋದರೆ ಒಂದೇ. ಗೋಡೆ ಒದ್ದು ಟೈಮ್ ಮಾಡುವ ಮಗು ಅಲ್ಲಿ ಸಿಕ್ಕಿಬೀಳುತ್ತದೆ. ಬ್ಯಾಕ್‌ಸ್ಟ್ರೋಕಿನ ಬಾವುಟದ ಹಗ್ಗ ಎರಡೂ ಗೋಡೆಯಿಂದ 5 ಮೀಟರಿಗೆ ಇರುತ್ತದಲ್ಲ, ನಡುವೆ ಉಳಿಯುವುದು 15 ಮೀಟರ್. ತಲೆ ಒಂದು ಹಗ್ಗ ದಾಟಿದಾಗ ವಾಚ್ ಒತ್ತಿ, ಇನ್ನೊಂದು ದಾಟಿದಾಗ ನಿಲ್ಲಿಸಿ, ಅಷ್ಟರಲ್ಲಿ ಎಷ್ಟು ಕೈ ಹಾಕಿತು ಎಂದು ಎಣಿಸಿ. ಪರೀಕ್ಷೆಯ ಮೂರನೆಯ ಮತ್ತು ಏಳನೆಯ 100ರಲ್ಲಿ ಹೀಗೆ ತೆಗೆಯುತ್ತೇವೆ. ಒಟ್ಟು ಟೈಮ್ ಅಷ್ಟೇ ಇದ್ದು ಈ 15ರಲ್ಲಿ ಕೈ ಮೂರು–ನಾಲ್ಕು ಹೆಚ್ಚಿದ್ದರೆ ಆ ಮಗು ದಣಿದಿದೆ, ಮರೆಮಾಚುತ್ತಿದೆ ಅಷ್ಟೇ. ಬೇರೆ ಎಲ್ಲ ಬಿಟ್ಟರೂ ಇದೊಂದನ್ನು ಮಾಡಿ ನೋಡಿ.

ನಮ್ಮ ಕರಾವಳಿಯ ಸಮಸ್ಯೆ ಇನ್ನೊಂದಿದೆ. ಬೈತಖೋಲ, ಮಾಜಾಳಿ, ದೇವಬಾಗ ಕಡೆಯಿಂದ ಬರುವ ಮೀನುಗಾರರ ಮನೆಯ ಮಕ್ಕಳು ನಡೆಯಲು ಕಲಿತ ಕೂಡಲೇ ನೀರಿಗಿಳಿದವರು. ದಮ್ಮು ಎಷ್ಟು ಬೇಕಾದರೂ ಇದೆ. ಆದರೆ ಅಲೆ ನೋಡಲು ತಲೆ ಮೇಲೆತ್ತಿಯೇ ಈಜುತ್ತಾರೆ. ಉಪ್ಪುನೀರು ಸಿಹಿನೀರಿಗಿಂತ ಎರಡೂವರೆ ಪರ್ಸೆಂಟಿನಷ್ಟು ಸಾಂದ್ರ, ಅಲ್ಲಿ ಮೈ ಹೆಚ್ಚು ತೇಲುವುದರಿಂದ ತಲೆ ಎತ್ತಿದರೂ ನಡೆಯುತ್ತದೆ. ಕೊಳದಲ್ಲಿ ತಲೆ ಎದ್ದ ಕೂಡಲೇ ಸೊಂಟ, ಕಾಲು ಕೆಳಗೆ ಹೋಗುತ್ತವೆ. 25 ಮೀಟರಿಗೆ 28–30 ಕೈ ಹಾಕುತ್ತಾರೆ, ಆದರೂ 400 ನಿಲ್ಲದೆ ಮುಗಿಸುತ್ತಾರೆ. ಇಂಥವರನ್ನು ಸ್ಟ್ರೋಕ್ ನೋಡಿ ಮೊದಲ ಗುಂಪಿಗೆ ಹಾಕಿದರೆ ಏಳು ವರ್ಷದವರ ಜೊತೆ ಬೇಜಾರಾಗಿ ಒಂದು ತಿಂಗಳಲ್ಲಿ ಬಿಟ್ಟುಹೋಗುತ್ತಾರೆ. ದಮ್ಮು ನೋಡಿ ಮೂರನೆಯದಕ್ಕೆ ಹಾಕಿದರೆ ಅದೇ ಕೆಟ್ಟ ಸ್ಟ್ರೋಕು ವಾರಕ್ಕೆ 15 ಕಿಲೋಮೀಟರ್ ಗಟ್ಟಿಯಾಗುತ್ತದೆ, ಭುಜ ಹಿಡಿಯುತ್ತದೆ. ನಾವು ಎರಡು ಗುಂಪಿನಲ್ಲಿ ಹೆಸರು ಬರೆಯುತ್ತೇವೆ: ಮೂರು ದಿನ ಮೇಲಿನ ಲೇನಿನ ಕೊನೆಯಲ್ಲಿ, ಎರಡು ದಿನ ಕೆಳಗೆ ಬರೀ ಡ್ರಿಲ್ (ಸ್ಟ್ರೋಕ್ ತಿದ್ದುವ ಅಭ್ಯಾಸ). ತಲೆ ಇಳಿಯಲು ಆರರಿಂದ ಎಂಟು ವಾರ. ಮುಂದಿನಿಂದ ಉಸಿರು ತೆಗೆಯುವ ಸ್ನಾರ್ಕೆಲ್ ಇದ್ದರೆ ಬೇಗ ಆಗುತ್ತದೆ, ಒಂದಕ್ಕೆ 1,500ರ ಸುಮಾರು, ಒಂದು ಲೇನಿಗೆ ಎರಡಿದ್ದರೆ ಸಾಕು. ಅದಿಲ್ಲದೆ ಇಳಿಸುವ ದಾರಿಯೂ ನಮ್ಮಲ್ಲಿದೆ, ಅದನ್ನು ಕೊಳದ ಬದಿಗೆ ಬಂದು ನೋಡಿದವರಿಗೇ ಹೇಳುವುದು. ಇವತ್ತು ನಮ್ಮ ನಾಲ್ಕನೇ ಗುಂಪಿನ ಅರ್ಧದಷ್ಟು ಮಕ್ಕಳು ಹೀಗೆ ಬಂದವರು, ಜಿಲ್ಲೆಯಲ್ಲಿ 400 ಫ್ರೀಗೆ ಅವರ ಎದುರು ನಿಲ್ಲುವವರು ಕಡಿಮೆ.

ವಯಸ್ಸನ್ನು ಪೂರ್ತಿ ಬಿಟ್ಟೆವು ಎಂದಲ್ಲ. ಕೂಟದಲ್ಲಿ ವಯಸ್ಸಿನ ಗುಂಪು ಫೆಡರೇಶನ್ ಹೇಳಿದಂತೆ ಇದ್ದೇ ಇರುತ್ತದೆ. ಅಭ್ಯಾಸದಲ್ಲಿ ಅದು ಎರಡು ಬೇಲಿ ಮಾತ್ರ. ಹನ್ನೊಂದರ ಕೆಳಗಿನ ಮಗು ಎಷ್ಟೇ ಚುರುಕಿದ್ದರೂ ನಾಲ್ಕನೇ ಗುಂಪಿಗಿಲ್ಲ. ಅಷ್ಟು ಮೀಟರ್ ಅದಕ್ಕೆ ಬೇಡ, ಹದಿನಾರರವರ ಜೊತೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಇರುವುದೂ ಬೇಡ. ಹದಿಮೂರು ದಾಟಿ ಹೊಸದಾಗಿ ಕಲಿಯಲು ಬಂದವರನ್ನು ಚಿಕ್ಕವರ ನಡುವೆ ನಿಲ್ಲಿಸುವುದಿಲ್ಲ, ಅವರಿಗೆ ಆರು ವಾರ ಬೇರೆ ಲೇನ್, ಬೇರೆ ಹೊತ್ತು.

ಎತ್ತರವನ್ನು ಎರಡು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಅಳೆಯಿರಿ. ಹುಡುಗಿಯರು ಹನ್ನೊಂದು–ಹದಿಮೂರರ ನಡುವೆ, ಹುಡುಗರು ಅದಕ್ಕಿಂತ ಸುಮಾರು ಎರಡು ವರ್ಷ ತಡವಾಗಿ, ಒಮ್ಮೆಲೇ ಬೆಳೆಯುತ್ತಾರೆ. ಆಗ ಕೈಕಾಲಿನ ಹಿಡಿತ ತಪ್ಪಿ ಟೈಮ್ ನಿಲ್ಲುತ್ತದೆ, ಕೆಲವರದ್ದು ಹಿಂದಕ್ಕೂ ಹೋಗುತ್ತದೆ. ಆ ಅವಧಿಯಲ್ಲಿ ಪರೀಕ್ಷೆ ತಪ್ಪಿದವರನ್ನು ಕೆಳಗಿಳಿಸಬೇಡಿ, ಮೀಟರ್ ಕಾಲುಭಾಗ ಕಡಿಮೆ ಮಾಡಿ ಅದೇ ಲೇನಿನಲ್ಲಿ ಇಟ್ಟುಕೊಳ್ಳಿ. ನಾವು ಕಳಕೊಂಡ ಹುಡುಗಿಯರಲ್ಲಿ ಹೆಚ್ಚಿನವರು ಬಿಟ್ಟದ್ದು ಈ ಹೊತ್ತಿನಲ್ಲೇ.

ಮೇಲೆ ಕಳಿಸುವುದು ವರ್ಷಕ್ಕೆ ಮೂರೇ ಸಲ: ಅಕ್ಟೋಬರ್, ಜನವರಿ, ಮೇ ಕೊನೆ. ಜೂನ್–ಜುಲೈನಲ್ಲಿ ಪರೀಕ್ಷೆ ಇಡಬೇಡಿ. ರೆಡ್ ಅಲರ್ಟ್ ಆಗಿ ಶಾಲೆಗೆ ರಜೆ ಕೊಟ್ಟ ದಿನ ಕೊಳಕ್ಕೂ ರಜೆ, ವಾರಕ್ಕೆ ಎರಡು ದಿನ ಬಂದ ಮಗುವಿನ ಟೈಮ್ ಏನನ್ನೂ ಹೇಳುವುದಿಲ್ಲ. ಪಾಸಾದವರು ಎರಡು ವಾರ ಮೇಲಿನ ಲೇನಿನ ಕೊನೆಯಲ್ಲಿ ಈಜುತ್ತಾರೆ. ಸೆಂಡ್ ಆಫ್ ತಪ್ಪಿದಾಗೆಲ್ಲ ರಿಜಿಸ್ಟರಿನಲ್ಲಿ ಕೆಂಪು ಚುಕ್ಕೆ. ವಾರಕ್ಕೆ ಐದಾರು ಚುಕ್ಕೆ ದಾಟಿದರೆ ಮುಂದಿನ ಸರದಿಗೆ ಕಾಯಬೇಕು. ಪಾಲಕರು ಕೇಳಿದರೆ ಬಾಯಲ್ಲಿ ಏನೂ ಹೇಳುವುದಿಲ್ಲ, ಆ ಪುಟ ತೋರಿಸುತ್ತೇವೆ. ವಾದ ಅಲ್ಲಿಗೆ ಮುಗಿಯುತ್ತದೆ.

ಗುಂಪಿಗೆ ಎ, ಬಿ, ಸಿ ಎಂದು ಹೆಸರಿಟ್ಟಿದ್ದಾಗ "ನಮ್ಮ ಮಗ ಸಿ ಅಂದ್ರೆ ಫೇಲಾ ಸರ್?" ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ಈಗ ಇಲ್ಲಿಯ ನಡುಗಡ್ಡೆಗಳ ಹೆಸರು: ಕೂರ್ಮಗಡ, ದೇವಗಡ, ಅಂಜದೀವ ಹೀಗೆ. ಫೀಯನ್ನು ಗುಂಪಿನ ಪ್ರಕಾರ ಏರಿಸಿದ್ದೂ ಕೆಲಸ ಮಾಡಲಿಲ್ಲ. ಕೆಲವರು ಹೆಚ್ಚು ಕೊಡುತ್ತೇವೆ, ಮೇಲೆ ಹಾಕಿ ಎಂದರು. ಕೈ ಬಿಗಿ ಇದ್ದವರು ಮಗುವನ್ನು ಪರೀಕ್ಷೆಯ ದಿನ ಕಳಿಸಲೇ ಇಲ್ಲ. ಈಗ ನೀರಿನಲ್ಲಿ ಇರುವ ತಾಸಿನ ಲೆಕ್ಕ, ಎಲ್ಲ ಗುಂಪಿಗೂ ಒಂದೇ ದರ, ಮೇಲೆ ಹೋದ ಮೊದಲ ಮೂರು ತಿಂಗಳು ಹಳೆಯ ಫೀಯೇ.

ಬೇರೆ ಪ್ರಯೋಗಗಳೂ ಆಗಿವೆ. ನವೆಂಬರ್ ಮೇಲೆ ಕಡಲು ಶಾಂತವಾದಾಗ ಟಾಗೋರ್ ಕಡಲತೀರದಲ್ಲಿ ದಡಕ್ಕೆ ಸಮವಾಗಿ ಈಜಿಸಿ ಟೈಮ್ ತೆಗೆದೆವು. ಭರತ–ಇಳಿತ, ಗಾಳಿ, ಕಾಳಿ ಹೊಳೆಯ ಸೆಳೆತ ಸೇರಿ ಹೋಗುವಾಗಿನ ಟೈಮಿಗೂ ಬರುವಾಗಿನ ಟೈಮಿಗೂ ತಾಳೆಯೇ ಇಲ್ಲ. ಮಕ್ಕಳ ಧೈರ್ಯಕ್ಕೆ ಒಳ್ಳೆಯದು, ಗುಂಪು ಮಾಡಲು ಬರುವುದಿಲ್ಲ. ದೊಡ್ಡ ಡಿಜಿಟಲ್ ಗಡಿಯಾರ ತಂದೆವು, ಉಪ್ಪುಗಾಳಿ ಮತ್ತು ಕ್ಲೋರಿನ್ ಸೇರಿ ಒಂದೇ ಮಳೆಗಾಲದಲ್ಲಿ ಸರ್ಕ್ಯೂಟ್ ಹಸಿರಾಯಿತು, ಹತ್ತು ಸಾವಿರದ ಹತ್ತಿರ ನೀರಿಗೆ ಹೋಯಿತು. ಈಗ ಸೆಕೆಂಡ್ ಮುಳ್ಳಿರುವ ದೊಡ್ಡ ಗೋಡೆ ಗಡಿಯಾರ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಅಂಚಿಗೆ ಸಿಲಿಕೋನ್. ಅಭ್ಯಾಸ ಮುಗಿದ ಮೇಲೆ ಒಳಗೆ ಒಯ್ದಿಡುತ್ತೇವೆ.

ಇನ್ನೂ ಸರಿಹೋಗದ್ದು ಏಪ್ರಿಲ್–ಮೇ. ಬೇಸಿಗೆ ಶಿಬಿರದ ದುಡ್ಡು ಬಿಡುವ ಹಾಗಿಲ್ಲ, ಮಳೆಗಾಲದ ಖಾಲಿ ತಿಂಗಳುಗಳ ಕೋಚ್ ಸಂಬಳ ಅದರಲ್ಲೇ ಹೊರಡಬೇಕು. ಶಿಬಿರಕ್ಕೆ ಎರಡು ಲೇನ್ ಹೋದರೆ ನಾಲ್ಕು ಗುಂಪು ಎರಡು ಲೇನಿಗೆ ಬರುತ್ತವೆ. ಈ ವರ್ಷ ಮೂರು ಮತ್ತು ನಾಲ್ಕನೇ ಗುಂಪನ್ನು ಬೆಳಿಗ್ಗೆ ಐದೂವರೆಗೆ ತಂದಿದ್ದೇವೆ. ಹಾಜರಿ ಮುಕ್ಕಾಲು ಪಾಲು ಇದೆ, ಅಂಕೋಲೆಯಿಂದ ಬರುವವರಿಗೆ ಮೊದಲ ಬಸ್ಸು ಹೊಂದುತ್ತಿಲ್ಲ. ಅವರಿಗೆ ವಾರಕ್ಕೆ ಮೂರು ದಿನ ಸಂಜೆ, ಶಿಬಿರ ಮುಗಿದ ಮೇಲೆ ಒಂದು ತಾಸು ಒಂದು ಲೇನ್ ಹಿಡಿದಿದ್ದೇವೆ.