ಇಂಫಾಲ್–ಕೊಹಿಮಾ ಕದನವನ್ನು ನಕ್ಷೆ ಹಿಡಿದು ಓದುವ ಬಗೆ

ಎರಡನೆಯ ಮಹಾಯುದ್ಧದ ಕದನವೊಂದನ್ನು ತಿಳಿಯಲು ಹೊರಟವರು ಸಾಮಾನ್ಯವಾಗಿ ನಕ್ಷೆಯ ಮೇಲಿನ ಬಾಣಗಳ ಹಿಂದೆ ಹೋಗುತ್ತಾರೆ. ಯಾವ ಡಿವಿಷನ್ ಎಲ್ಲಿಂದ ಹೊರಟಿತು, ಯಾವ ಗುಡ್ಡವನ್ನು ಹಿಡಿಯಿತು, ಯಾವ ರಸ್ತೆಯನ್ನು ಕಡಿಯಿತು ಎಂಬುದರಲ್ಲೇ ಅವರ ಗಮನ ಮುಗಿದುಹೋಗುತ್ತದೆ. 1944ರ ಮಾರ್ಚ್‌ನಿಂದ ಜುಲೈವರೆಗೆ, ಬರ್ಮಾದಿಂದ ನುಗ್ಗಿದ ಜಪಾನೀ ಸೇನೆಗೂ ಬ್ರಿಟಿಷ್–ಭಾರತೀಯ ಸೇನೆಗೂ ಮಣಿಪುರದಲ್ಲೂ ನಾಗಾ ಬೆಟ್ಟಗಳಲ್ಲೂ ನಡೆದ ಹೋರಾಟವನ್ನು ಹೀಗೆ ಓದಿದರೆ ಕೊನೆಗೆ ಗೊಂದಲವೇ ಉಳಿಯುತ್ತದೆ. ಬಾಣಗಳ ಪ್ರಕಾರ ಏಪ್ರಿಲ್ ಮೊದಲ ವಾರಕ್ಕೇ ಇಂಫಾಲ್ ಮುತ್ತಿಗೆಗೆ ಸಿಕ್ಕಿತ್ತು, ಕೊಹಿಮಾವೂ ಸಿಕ್ಕಿತ್ತು. ಹಾಗಿದ್ದರೂ ಜೂನ್ ಹೊತ್ತಿಗೆ ಹಸಿದು ಕುಸಿದದ್ದು ಮುತ್ತಿಗೆ ಹಾಕಿದ ಸೇನೆ. ಈ ಒಗಟು ಬಿಡಬೇಕಾದರೆ ಆಕಾಶದಲ್ಲಿ ನಡೆದದ್ದನ್ನೂ ನೆಲದಲ್ಲಿ ನಡೆದದ್ದನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅದನ್ನು ಯಾವ ಕ್ರಮದಲ್ಲಿ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಬೆಟ್ಟಗುಡ್ಡಗಳ ಏರಿಳಿತ ಸ್ಪಷ್ಟವಾಗಿ ಕಾಣುವ ನಕ್ಷೆಯೊಂದನ್ನು ಮುಂದಿಟ್ಟುಕೊಳ್ಳಿ. ಗಡಿರೇಖೆಗಳು ಮಾತ್ರ ಇರುವ ನಕ್ಷೆ ಈ ಕೆಲಸಕ್ಕೆ ಬಾರದು. ಸುತ್ತಲೂ ಬೆಟ್ಟಗಳಿರುವ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಬಯಲಿನಲ್ಲಿ ಇಂಫಾಲ್ ಇದೆ. ಉತ್ತರಕ್ಕೆ ಕೊಹಿಮಾ ದಾಟಿ ದಿಮಾಪುರದ ರೈಲುನಿಲ್ದಾಣಕ್ಕೆ ಹೋಗುವ ರಸ್ತೆ, ದಕ್ಷಿಣಕ್ಕೆ ಟಿಡ್ಡಿಮ್ ರಸ್ತೆ, ಆಗ್ನೇಯಕ್ಕೆ ಪಲೇಲ್ ಮೂಲಕ ತಮುವಿಗೆ ಹೋಗುವ ರಸ್ತೆ, ಇವು ಮೂರನ್ನೂ ಕೆಂಪು ಬಣ್ಣದಲ್ಲಿ ತಿದ್ದಿ. ಪೂರ್ವದಲ್ಲಿ ಚಿಂದ್ವಿನ್ ನದಿಯನ್ನು ನೀಲಿಯಲ್ಲಿ ಎಳೆಯಿರಿ. ಆಮೇಲೆ, ಸೇನೆಗಳ ಹೆಸರು ಬರೆಯುವುದಕ್ಕೂ ಮುಂಚೆ, ಬಯಲಿನಲ್ಲಿದ್ದ ಆರು ವಿಮಾನದಾಣಗಳನ್ನು ಗುರುತಿಸಿ: ಇಂಫಾಲ್, ಕಾಂಗ್ಲಾ, ತುಲಿಹಾಲ್, ವಾಂಗ್‌ಜಿಂಗ್, ಸಪಾಮ್, ಪಲೇಲ್. ಮಳೆ ಬಂದಾಗ ಎಲ್ಲ ದಾಣಗಳೂ ಸಮನಾಗಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಇಂಫಾಲ್ ಮತ್ತು ಪಲೇಲ್ ಮುಖ್ಯವಾದವು. ಈ ಚುಕ್ಕೆಗಳನ್ನು ಇಟ್ಟ ಮೇಲೆ ಎಷ್ಟೋ ಕಾಳಗಗಳಿಗೆ ಕಾರಣ ತಾನಾಗಿ ಹೊಳೆಯುತ್ತದೆ. ಪಲೇಲ್‌ಗಾಗಿ ಅಷ್ಟೊಂದು ರಕ್ತ ಹರಿದದ್ದು ಆ ಊರಿನ ಮಹತ್ವದಿಂದಲ್ಲ, ಅಲ್ಲಿನ ರನ್‌ವೇಯಿಂದ.

ಎರಡನೆಯ ಕೆಲಸ ಮೂರು ಕಾಲಮ್ಮುಗಳ ದಿನಚರಿ ಹಾಕುವುದು: ಒಂದು ನೆಲಕ್ಕೆ, ಒಂದು ಆಕಾಶಕ್ಕೆ, ಒಂದು ಹವಾಮಾನಕ್ಕೆ. ನೆಲದ ಕಾಲಮ್ಮಿನಲ್ಲಿ ಜಪಾನೀ ಜನರಲ್ ಮುತಾಗುಚಿ ರೆನ್ಯಾನ 15ನೆಯ ಸೇನೆಯ ಮೂರು ಡಿವಿಷನ್‌ಗಳನ್ನು ಬರೆದುಕೊಳ್ಳಿ. ದಕ್ಷಿಣದಲ್ಲಿ 33ನೆಯ ಡಿವಿಷನ್ ಮಾರ್ಚ್ ಎರಡನೆಯ ವಾರದಲ್ಲಿ ಚಲಿಸಿತು. 15 ಮತ್ತು 31ನೆಯ ಡಿವಿಷನ್‌ಗಳು ಮಾರ್ಚ್ 15ರಂದು ಚಿಂದ್ವಿನ್ ದಾಟಿದವು. ಮಾರ್ಚ್ ಕೊನೆಗೆ ಇಂಫಾಲ್–ಕೊಹಿಮಾ ರಸ್ತೆ ಕಡಿದುಹೋಯಿತು, ಏಪ್ರಿಲ್ 4ರಂದು ಕೊಹಿಮಾದ ಮೇಲೆ ದಾಳಿ ಆರಂಭವಾಯಿತು. ಇದೇ ಅವಧಿಗೆ ಆಕಾಶದ ಕಾಲಮ್ಮಿನಲ್ಲಿ ಏನಿದೆಯೆಂದು ನೋಡಿ: ಮಾರ್ಚ್ 19ರಿಂದ ಹತ್ತು ಹನ್ನೊಂದು ದಿನಗಳಲ್ಲಿ, ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನ್‌ನಲ್ಲಿ ಜಪಾನೀಯರೊಂದಿಗೆ ಕಾದಾಡುತ್ತಿದ್ದ 5ನೆಯ ಭಾರತೀಯ ಡಿವಿಷನ್ ಅನ್ನು ಅಲ್ಲಿಂದ ಎತ್ತಿ, ತೋಪು ಮತ್ತು ಹೇಸರಗತ್ತೆಗಳ ಸಮೇತ, ಮಣಿಪುರಕ್ಕೂ ದಿಮಾಪುರದ ಕಡೆಗೂ ವಿಮಾನದಲ್ಲಿ ಸಾಗಿಸಲಾಯಿತು. ಇದಕ್ಕೆ ಬೇಕಾದ ವಿಮಾನಗಳನ್ನು ಆಗ್ನೇಯ ಏಷ್ಯಾದ ಮಿತ್ರಪಕ್ಷದ ಮಹಾದಂಡನಾಯಕ ಮೌಂಟ್‌ಬ್ಯಾಟನ್ ಹಿಮಾಲಯದಾಚೆ ಚೀನಾಕ್ಕೆ ಸರಕು ಸಾಗಿಸುತ್ತಿದ್ದ ಅಮೆರಿಕನ್ ಮಾರ್ಗದಿಂದ ಎರವಲು ಪಡೆದಿದ್ದರು. ಎರಡು ಕಾಲಮ್ಮುಗಳನ್ನು ಅಕ್ಕಪಕ್ಕ ಇಟ್ಟಾಗ, ರಸ್ತೆ ಮುಚ್ಚಿದ ಅದೇ ದಿನಗಳಲ್ಲಿ ಬಯಲಿನೊಳಗೆ ಹೊಸ ಸೈನ್ಯ ಬಂದಿಳಿಯುತ್ತಿತ್ತು ಎಂಬುದು ಕಾಣುತ್ತದೆ. ಹವಾಮಾನದ ಕಾಲಮ್ಮಿನಲ್ಲಿ ಸದ್ಯಕ್ಕೆ ಒಂದೇ ಸಾಲು ಸಾಕು: ಮೇ ತಿಂಗಳಿಂದ ಮುಂಗಾರು.

ಮೂರನೆಯದು ಟನ್ನುಗಳ ಲೆಕ್ಕ. ಬಹಳ ಮಂದಿ ಇದನ್ನು ಬೇಸರದ ಅಂಕಿಅಂಶವೆಂದು ಹಾರಿಸಿಬಿಡುತ್ತಾರೆ, ಆದರೆ ನನ್ನ ಮಟ್ಟಿಗೆ ಕದನದ ಕಥೆ ಶುರುವಾಗುವುದೇ ಇಲ್ಲಿ. ಮುತ್ತಿಗೆಯ ಕಾಲದಲ್ಲಿ ಇಂಫಾಲ್ ಬಯಲಿನಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದರು. ವಿಮಾನಗಳು ತಂದ ಸರಕು ಸುಮಾರು 19,000 ಟನ್, ಜೊತೆಗೆ ಬಂದ ಸೈನಿಕರು 12,000ಕ್ಕೂ ಹೆಚ್ಚು. ರಸ್ತೆ ಮುಚ್ಚಿದ್ದ ಅವಧಿಯನ್ನು 85 ದಿನವೆಂದು ಹಿಡಿಯಿರಿ. ದಿನಕ್ಕೆ 220 ಟನ್ನಿನ ಆಸುಪಾಸು ಬರುತ್ತದೆ. ಒಂದು ಡಕೋಟಾ ಸರಕು ವಿಮಾನ ಎರಡೂವರೆ ಟನ್ ಹೊತ್ತಿತೆಂದರೆ ದಿನಕ್ಕೆ ತೊಂಬತ್ತರಷ್ಟು ಹಾರಾಟಗಳು ಬೇಕು. ಅದನ್ನೇ ತಲೆಗೆ ಹಂಚಿದರೆ ಒಬ್ಬನಿಗೆ ಸಿಗುವುದು ದಿನಕ್ಕೆ ಒಂದೂವರೆ ಕಿಲೋ ಮಾತ್ರ, ಅದರಲ್ಲೇ ಅಕ್ಕಿ, ಹಿಟ್ಟು, ಪೆಟ್ರೋಲು, ಮದ್ದುಗುಂಡು, ಔಷಧಿ ಎಲ್ಲವೂ ಸೇರಬೇಕು. ಹಿಂದೆ ಕೂಡಿಟ್ಟಿದ್ದ ದಾಸ್ತಾನು ಇಲ್ಲದಿದ್ದರೆ ಇದು ಸಾಲುತ್ತಿರಲಿಲ್ಲ. ಪಡಿತರಕ್ಕೂ ಕತ್ತರಿ ಬಿತ್ತು. ಈಗ ಇನ್ನೊಂದು ಅಂಕಿಯನ್ನು ನೋಡಿ: ಹಿಂತಿರುಗುವ ವಿಮಾನಗಳಲ್ಲಿ ಸುಮಾರು 13,000 ಗಾಯಾಳುಗಳನ್ನೂ ರೋಗಿಗಳನ್ನೂ, ಹೋರಾಟಕ್ಕೆ ಬೇಡದ 43,000 ಜನರನ್ನೂ ಹೊರಗೆ ಕಳಿಸಲಾಯಿತು. ಇದನ್ನು ಕರುಣೆಯ ಕೆಲಸವೆಂದಷ್ಟೇ ಓದಬೇಡಿ. ಉಣ್ಣುವ ಬಾಯಿಗಳನ್ನು ಕಡಿಮೆ ಮಾಡುವುದೂ ಸರಕು ತಂದಷ್ಟೇ ಫಲ ಕೊಡುತ್ತಿತ್ತು, ಬರಿದಾಗಿ ಮರಳುವ ವಿಮಾನಕ್ಕೆ ಬೇರೆ ಖರ್ಚೂ ಇರಲಿಲ್ಲ.

ಲೆಕ್ಕ ಮಾಡುವಾಗ ಒಂದು ಎಚ್ಚರ ಇರಲಿ. ಬ್ರಿಟಿಷ್ ದಾಖಲೆಗಳ ಟನ್ 1,016 ಕಿಲೋ, ಅಮೆರಿಕನ್ ದಾಖಲೆಗಳ ಟನ್ 907 ಕಿಲೋ. ಎರಡೂ ದೇಶಗಳ ವಿಮಾನಗಳು ಒಟ್ಟಿಗೆ ಹಾರಿದ್ದರಿಂದ ಎರಡೂ ಅಳತೆಗಳು ಪುಟಪುಟದಲ್ಲಿ ಬೆರೆತಿರುತ್ತವೆ. ಹಾಗೆಯೇ ಜಪಾನೀ ಸೇನೆ ಬರ್ಮಾದಲ್ಲೂ ಟೋಕಿಯೋ ಸಮಯವನ್ನೇ ಅನುಸರಿಸುತ್ತಿತ್ತು. ಬೆಳಗಿನ ದಾಳಿಯ ಸಮಯ ಎರಡು ಕಡೆಯ ವರದಿಗಳಲ್ಲಿ ಹೊಂದದಿದ್ದರೆ ಯಾರೋ ಸುಳ್ಳು ಹೇಳಿದ್ದಾರೆಂದು ತೀರ್ಮಾನಿಸುವ ಮುನ್ನ ಗಡಿಯಾರವನ್ನು ನೋಡಿ. ಇನ್ನು ‘ಮೈಲುಗಲ್ಲು 109’ ಎಂಬುದು ಓದುಗರನ್ನು ನಿಜಕ್ಕೂ ದಾರಿ ತಪ್ಪಿಸುತ್ತದೆ. ಟಿಡ್ಡಿಮ್ ರಸ್ತೆಯ 109ನೆಯ ಮೈಲುಗಲ್ಲಿನಲ್ಲಿ ಮಾರ್ಚ್‌ನಲ್ಲಿ ಜಪಾನೀಯರ ಕೈಗೆ ಸಿಕ್ಕಿದ ದೊಡ್ಡ ಉಗ್ರಾಣವಿತ್ತು. ಉತ್ತರದಿಂದ ಬಂದ ಮಿತ್ರಪಕ್ಷದ ಪಡೆಯೂ ಇಂಫಾಲ್‌ನಿಂದ ಹೊರಟ ಪಡೆಯೂ ಜೂನ್ 22ರಂದು ಕೂಡಿಕೊಂಡು ಮುತ್ತಿಗೆ ಮುರಿದದ್ದೂ 109ನೆಯ ಮೈಲುಗಲ್ಲಿನಲ್ಲೇ, ಆದರೆ ಅದು ದಿಮಾಪುರ ರಸ್ತೆಯದು.

ಇಷ್ಟಾದ ಮೇಲೆ ಒಂದೇ ಒಂದು ಕಾಳಗವನ್ನು ಆರಿಸಿಕೊಂಡು ಗಂಟೆಗಂಟೆಯಾಗಿ ಓದಿ. ನಾನು ನುನ್‌ಶಿಗುಮ್ ಗುಡ್ಡವನ್ನು ಸೂಚಿಸುತ್ತೇನೆ. ಬಯಲಿನಿಂದ ಸುಮಾರು ಸಾವಿರ ಅಡಿ ಏರುವ ಈ ಗುಡ್ಡದ ಮೇಲೆ ನಿಂತವನಿಗೆ ಇಂಫಾಲ್ ಬಯಲಿನ ಉತ್ತರಭಾಗ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತದೆ, ಕಾಂಗ್ಲಾ ವಿಮಾನದಾಣವೂ ಸಮೀಪದಲ್ಲೇ ಇದೆ. ಅದನ್ನು ಹಿಡಿದ ಜಪಾನೀಯರನ್ನು ಏಪ್ರಿಲ್ 13ರಂದು ಕೆಳಗಿಳಿಸಿದ ಬಗೆಯಲ್ಲಿ ಆಕಾಶ ಮತ್ತು ನೆಲದ ಹೊಂದಾಣಿಕೆ ಬಿಡಿಬಿಡಿಯಾಗಿ ಸಿಗುತ್ತದೆ. ಮೊದಲು ವೆಂಜನ್ಸ್ ವಿಮಾನಗಳು ಬಾಂಬು ಹಾಕಿದವು, ಹರಿಕೇನ್ ಯುದ್ಧವಿಮಾನಗಳು ಗುಂಡಿನ ಮಳೆ ಸುರಿಸಿದವು, ಫಿರಂಗಿಗಳು ಗುಡ್ಡದ ತುದಿಯನ್ನು ಹಣ್ಣು ಮಾಡಿದವು. ಆಮೇಲೆ ಡೋಗ್ರಾ ರೆಜಿಮೆಂಟಿನ ಸೈನಿಕರು ಟ್ಯಾಂಕುಗಳ ಜೊತೆಯಲ್ಲಿ ಆ ಕಡಿದಾದ ಏಣಿನ ಮೇಲೆ ಹತ್ತಿದರು. ಇಕ್ಕಟ್ಟಿನ ಜಾಗದಲ್ಲಿ ದಾರಿ ಕಾಣಲೆಂದು ಟ್ಯಾಂಕಿನ ಅಧಿಕಾರಿಗಳು ತಲೆ ಹೊರಹಾಕಿ ನಿಲ್ಲಬೇಕಾಯಿತು. ಅವರೂ ಡೋಗ್ರಾ ಕಂಪನಿಗಳ ಬ್ರಿಟಿಷ್ ಅಧಿಕಾರಿಗಳೂ ಸತ್ತರು ಅಥವಾ ಗಾಯಗೊಂಡರು, ಕೆಲಸವನ್ನು ಪೂರೈಸಿದವರು ಒಬ್ಬ ಸಾರ್ಜೆಂಟ್ ಮೇಜರ್ ಮತ್ತು ಭಾರತೀಯ ಸುಬೇದಾರರು. ಬಾಂಬು ಬಿದ್ದ ಮೇಲೂ ಬಂಕರಿನೊಳಗಿದ್ದವರು ಬದುಕಿದ್ದರು, ಅವರನ್ನು ಹೊರಡಿಸಲು ಮನುಷ್ಯರೇ ಹತ್ತಿರ ಹೋಗಬೇಕಾಯಿತು ಎಂಬುದನ್ನು ಗಮನಿಸಿ; ಪೈಲಟ್ ತನ್ನ ವರದಿಯಲ್ಲಿ ಬರೆಯುವ ‘ಗುರಿ ನಾಶವಾಯಿತು’ ಎಂಬ ಮಾತನ್ನು ಕಾಲಾಳುಗಳ ದಿನಚರಿಯಿಂದ ತೂಗಿ ನೋಡುವ ಅಭ್ಯಾಸಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹತ್ತಿದ ಡೋಗ್ರಾಗಳು 5ನೆಯ ಡಿವಿಷನ್‌ನವರು. ಅಂದರೆ ಮೂರು ವಾರಗಳ ಹಿಂದೆ ವಿಮಾನದಲ್ಲಿ ಬಂದಿಳಿದವರೇ ಈಗ ವಿಮಾನದಾಣವನ್ನು ಉಳಿಸಿದರು.

ಎದುರಾಳಿಯ ಲೆಕ್ಕದ ಹಾಳೆಯನ್ನೂ ಬರೆಯದೆ ಬಿಡಬೇಡಿ. ಸುಮಾರು 85,000 ಜನರೊಂದಿಗೆ ಹೊರಟ ಮುತಾಗುಚಿ, ಮೂರು ವಾರಗಳಲ್ಲಿ ಇಂಫಾಲ್‌ನ ಉಗ್ರಾಣಗಳನ್ನು ಹಿಡಿದು ಅಲ್ಲಿಂದಲೇ ಉಣ್ಣುವುದೆಂದು ಯೋಚಿಸಿದ್ದ. ದಾರಿಯ ಊಟಕ್ಕಾಗಿ ದನಗಳ ಹಿಂಡುಗಳನ್ನು ಬೆಟ್ಟ ಹತ್ತಿಸಿದ್ದ. ಆಕಾಶದಿಂದ ಸರಬರಾಜು ಮಾಡುವ ಶಕ್ತಿ ಅವನ ಕಡೆ ಇರಲಿಲ್ಲ. 1943ರ ಕೊನೆಯಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನಗಳು ಬಂದ ಮೇಲೆ ಮಿತ್ರಪಕ್ಷದ ಡಕೋಟಾಗಳು ಸಾಕಷ್ಟು ನಿರಾಳವಾಗಿ ಹಾರಬಲ್ಲವಾಗಿದ್ದವು, ಜಪಾನೀ ವಿಮಾನಗಳು ಅಪರೂಪಕ್ಕೆ ಬಂದುಹೋಗುತ್ತಿದ್ದವು. ಮುತ್ತಿಗೆಯೆಂದರೆ ಒಳಗಿರುವವನು ಸೋಲುವವನೆಂಬ ಹಳೆಯ ಲೆಕ್ಕವನ್ನು ಫೆಬ್ರವರಿಯಲ್ಲೇ ಅರಾಕಾನ್‌ನಲ್ಲಿ 7ನೆಯ ಭಾರತೀಯ ಡಿವಿಷನ್ ಸುಳ್ಳು ಮಾಡಿತ್ತು. ಅಲ್ಲಿ ಸುತ್ತುವರಿಯಲ್ಪಟ್ಟ ಸೈನ್ಯ ಪ್ಯಾರಾಶೂಟಿನಿಂದ ಬಿದ್ದ ಸರಕನ್ನು ನಂಬಿ ಕದಲದೆ ನಿಂತಿತು. ಮುತಾಗುಚಿ ಅದರಿಂದ ಏನನ್ನೂ ಕಲಿಯಲಿಲ್ಲವೆಂಬುದು ನನ್ನ ಅಭಿಪ್ರಾಯ. ಮೇ ಕೊನೆಗೆ 31ನೆಯ ಡಿವಿಷನ್ನಿನ ಜನರಲ್ ಸಾತೋ, ಅಕ್ಕಿಯೂ ಮದ್ದುಗುಂಡೂ ಬಾರದ್ದರಿಂದ, ಆಜ್ಞೆಯನ್ನು ಮೀರಿ ಕೊಹಿಮಾದಿಂದ ಹಿಂದೆ ಸರಿದ. ಇಲ್ಲಿ ನಿಮ್ಮ ಮೂರನೆಯ ಕಾಲಮ್ಮು ಕೆಲಸಕ್ಕೆ ಬರುತ್ತದೆ: ಆ ಹಿಮ್ಮೆಟ್ಟುವಿಕೆ ನಡೆದದ್ದು ಮುಂಗಾರಿನ ಕೆಸರಿನಲ್ಲಿ, ಸತ್ತ ಸುಮಾರು 30,000 ಜಪಾನೀಯರಲ್ಲಿ ಬಹಳಷ್ಟು ಮಂದಿಯನ್ನು ಕೊಂದದ್ದು ಹಸಿವು ಮತ್ತು ರೋಗ.

ಭಾರತೀಯರು ಎರಡೂ ಕಡೆ ಇದ್ದರೆಂಬುದನ್ನು ದಿನಚರಿಯಲ್ಲಿ ಮರೆಯಬಾರದು. ಅರ್ಜನ್ ಸಿಂಗ್ ಅವರ ನಾಯಕತ್ವದ, ಭಾರತೀಯ ವಾಯುಪಡೆಯ 1ನೆಯ ಸ್ಕ್ವಾಡ್ರನ್ ಇಂಫಾಲ್‌ನಿಂದಲೇ ಹರಿಕೇನ್‌ಗಳನ್ನು ಹಾರಿಸುತ್ತಿತ್ತು. ಜಪಾನೀಯರ ಜೊತೆಗಿದ್ದ ಆಜಾದ್ ಹಿಂದ್ ಫೌಜಿನ ತುಕಡಿಗಳು ಪಲೇಲ್ ವಿಮಾನದಾಣದ ಮೇಲೆ ದಾಳಿಗೆ ಬಂದವು. ಕನ್ನಡದ ಓದುಗರು ಇನ್ನೊಂದು ಊರನ್ನೂ ಸೇರಿಸಿಕೊಳ್ಳಬಹುದು: ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನೊಂದಿಗೆ 1940ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕನ್ ವಾಯುಸೇನೆಯ ದೊಡ್ಡ ದುರಸ್ತಿ ನೆಲೆಯಾಗಿತ್ತು, ಅಲ್ಲಿ ರಿಪೇರಿಯಾದ ವಿಮಾನಗಳಲ್ಲಿ ಡಕೋಟಾಗಳೂ ಇದ್ದವು. ಕಲ್ಕತ್ತೆಯ ಸೆಣಬಿನ ಗಿರಣಿಗಳು ರೇಷ್ಮೆಯ ಕೊರತೆ ನೀಗಲು ಸೆಣಬಿನ ಪ್ಯಾರಾಶೂಟುಗಳನ್ನು ಹೊಲಿದುಕೊಟ್ಟವು. ಸರಕು ಇಳಿಸಲು ಅವು ಸಾಕಾಗಿದ್ದವು, ಮನುಷ್ಯರನ್ನು ಇಳಿಸಲು ಮಾತ್ರ ಯಾರೂ ಅವನ್ನು ನಂಬುತ್ತಿರಲಿಲ್ಲ.

ವಿಮಾನದಿಂದ ಎಲ್ಲವೂ ಸಾಧ್ಯವಾಯಿತೆಂಬ ಭಾವನೆ ಈ ಹೊತ್ತಿಗೆ ನಿಮ್ಮಲ್ಲಿ ಬೆಳೆಯುತ್ತಿದ್ದರೆ ಅದನ್ನು ಕೊಹಿಮಾದ ಮೇಲೆ ಇಟ್ಟು ಪರೀಕ್ಷಿಸಿ. ಅಲ್ಲಿ ಇಳಿಯಲು ವಿಮಾನದಾಣವಿರಲಿಲ್ಲ. ಕಾವಲು ಪಡೆಯ ಕೈಯಲ್ಲಿದ್ದ ಜಾಗ ದಿನದಿಂದ ದಿನಕ್ಕೆ ಕುಗ್ಗಿತು, ನೀರಿನ ಮೂಲಗಳು ಶತ್ರುವಿನ ವಶವಾದವು, ನೀರನ್ನೂ ಪ್ಯಾರಾಶೂಟಿನಲ್ಲೇ ಇಳಿಸಬೇಕಾಯಿತು, ಇಳಿಸಿದ್ದರಲ್ಲಿ ಒಂದಷ್ಟು ಜಪಾನೀಯರ ಕಡೆ ಬಿತ್ತು. ಗಾಯಾಳುಗಳನ್ನು ಸಾಗಿಸುವುದಕ್ಕೆ, ದಾರಿ ತೋರಿಸುವುದಕ್ಕೆ ನಾಗಾ ಜನರ ಕಾಲುಗಳೇ ಆಧಾರವಾದವು. ಸಾಧ್ಯವಾದರೆ ಒಮ್ಮೆ ಆ ಊರಿಗೆ ಹೋಗಿಬನ್ನಿ. ದಿಮಾಪುರದಿಂದ ಅದು 74 ಕಿಲೋಮೀಟರ್. ಡೆಪ್ಯುಟಿ ಕಮಿಷನರ್ ಬಂಗಲೆಯಿದ್ದ ಜಾಗ ಈಗ ಯುದ್ಧ ಸ್ಮಶಾನ, 1,420 ಸಮಾಧಿಗಳ ನಡುವೆ ಹಳೆಯ ಟೆನಿಸ್ ಅಂಕಣದ ಗೆರೆಗಳನ್ನು ಉಳಿಸಿದ್ದಾರೆ. ಎರಡು ಸೇನೆಗಳು ಆ ಅಂಕಣದ ಎರಡು ತುದಿಗಳಲ್ಲಿ ಹೊಂಚಿಕೊಂಡಿದ್ದವು. ಒಂದು ತುದಿಯಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸುತ್ತಾ ನಡೆಯಿರಿ, ಆಮೇಲೆ ತಲೆಯೆತ್ತಿ ನೋಡಿ. ಹಾರುತ್ತಿರುವ ಡಕೋಟಾದ ಬಾಗಿಲಿನಿಂದ ನೀರಿನ ಡಬ್ಬಿಯೊಂದನ್ನು ಈ ಬದಿಗೇ ಬೀಳಿಸುವುದೆಂದರೆ ಏನೆಂಬುದು ಆಗ ಅಳತೆಗೆ ಸಿಗುತ್ತದೆ.