ನನಗೆ ಸೂತಕವಿರಲಿಲ್ಲ

"ಈ ಗಾಡಿ ಯಶವಂತಪುರದಲ್ಲಿ ನಿಲ್ಲುತ್ತಾ?" ಅಂತ ಕೇಳಿದರು. ನಿಲ್ಲುತ್ತೆ ಅಂದೆ. ನಮ್ಮಿಬ್ಬರ ನಡುವೆ ಆದದ್ದು ಅಷ್ಟೇ ಮಾತು.

ತುಮಕೂರು ಸ್ಟೇಷನ್ನಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದರು. ಅರವತ್ತರ ಆಸುಪಾಸು. ಕಾಲ ಬಳಿ ಒಂದು ಚೀಲ, ಅದರ ತುಂಬ ತೆಂಗಿನಕಾಯಿ. ನಾನು ದಿನಾ ಪಾಸಿನಲ್ಲಿ ಬೆಂಗಳೂರಿಗೆ ಹೋಗಿಬರುವವನು, ಮೊಬೈಲ್ ನೋಡುತ್ತಿದ್ದೆ. ಹೆಗಲ ಮೇಲೆ ಏನೋ ಭಾರ ಬಿದ್ದಂತಾಗಿ ತಿರುಗಿದೆ. ಅವರು ನನ್ನ ಮೇಲೆ ವಾಲಿದ್ದರು. ಹಿಡಿಯುವಷ್ಟರಲ್ಲಿ ಜಾರಿ ನೆಲಕ್ಕೆ ಬಿದ್ದರು.

ಗಂಟಲಿನಿಂದ ಗೊರಗೊರ ಸದ್ದು ಬರುತ್ತಿತ್ತು. ಉಸಿರಾಡುತ್ತಿದ್ದಾರೆ ಅಂದುಕೊಂಡೆ. ಜನ ಸೇರಿದರು. ಯಾರೋ "ಮೂರ್ಛೆ ರೋಗ" ಅಂದರು, ಇನ್ಯಾರೋ ಅವರ ಮುಷ್ಟಿಗೆ ಬೀಗದ ಕೈ ತುರುಕಿದರು. ನಾನು ಚೀಲದಿಂದ ಉರುಳಿದ್ದ ಕಾಯಿಗಳನ್ನು ಹೆಕ್ಕುತ್ತಿದ್ದೆ. ಆ ಹೊತ್ತಿನಲ್ಲಿ ಅದೇ ದೊಡ್ಡ ಕೆಲಸ ಅನ್ನಿಸಿತ್ತು. ಒಂದು ನಿಮಿಷ ಹೋಯಿತೋ, ಎರಡೋ. ಹೃದಯ ನಿಂತವರ ಎದೆ ಒತ್ತುವ ಸಿಪಿಆರ್ ಅನ್ನು ಆಫೀಸಿನಲ್ಲಿ ಒಮ್ಮೆ ಬೊಂಬೆಯ ಮೇಲೆ ಕಲಿಸಿದ್ದರು. ಅದು ನೆನಪಾದದ್ದು ಗೊರಗೊರ ನಿಂತ ಮೇಲೆ. ಎದೆಯ ನಡುವೆ ಅಂಗೈ ಇಟ್ಟು ಒತ್ತತೊಡಗಿದೆ. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ, ಐದು ಸೆಂಟಿಮೀಟರ್ ಆಳ. ಮೂರನೆಯದೋ ನಾಲ್ಕನೆಯದೋ ಒತ್ತಿಗೆ ಕೈಕೆಳಗೆ ಚಟ್ ಅಂದಿತು. ಪಕ್ಕೆಲುಬು. ನಿಲ್ಲಿಸಲಿಲ್ಲ. ಒಬ್ಬ ಕಾಲೇಜು ಹುಡುಗ ಕೂತ, ಇಬ್ಬರೂ ಸರದಿ ಮೇಲೆ ಒತ್ತಿದೆವು. 108 ಬಂತು, ಕರೆದುಕೊಂಡು ಹೋಯಿತು. ತೀರಿಕೊಂಡರು ಅಂತ ಮಧ್ಯಾಹ್ನ ಗೊತ್ತಾಯಿತು.

ನಾನು ಮುಂದಿನ ಗಾಡಿ ಹತ್ತಿ ಆಫೀಸಿಗೆ ಹೋಗಿದ್ದೆ. ಡಬ್ಬಿಯಲ್ಲಿದ್ದ ಚಿತ್ರಾನ್ನ ಪೂರ್ತಿ ತಿಂದೆ. ಆಮೇಲೆ ಅದನ್ನು ನೆನೆದು ನನಗೇ ಅಸಹ್ಯವಾಯಿತು.

ಸಂಜೆ ಮನೆಯೊಳಗೆ ಕಾಲಿಡುವ ಮೊದಲು ಅಮ್ಮನನ್ನು ಕೇಳಿದೆ, ಸೂತಕ ಏನಾದರೂ ಇರುತ್ತಾ ಅಂತ. "ನೆಂಟ್ರಲ್ಲ ಇಷ್ಟ್ರಲ್ಲ, ನಿಂಗೇನು ಸೂತಕ? ತಲೆ ಮೇಲೆ ನೀರು ಹಾಕ್ಕೊಂಡು ಒಳಕ್ಕೆ ಬಾ, ಮುಗೀತು" ಅಂದಳು. ಮುಗಿಯಲಿಲ್ಲ. ಸತ್ತವರ ಮನೆಯವರಿಗೆ ದಿನಗಳ ಲೆಕ್ಕವಿದೆ. ಮೂರಕ್ಕೆ ಹಾಲುತುಪ್ಪ, ಹನ್ನೊಂದಕ್ಕೆ ತಿಥಿ. ಅಳಲು ಹೊತ್ತಿದೆ, ಅಳು ನಿಲ್ಲಿಸಿ ಊಟಕ್ಕೆ ಏಳಿಸುವವರಿದ್ದಾರೆ. ಸುಮ್ಮನೆ ಪಕ್ಕದಲ್ಲಿ ಕೂತಿದ್ದವನಿಗೆ ಏನಿದೆ?

ಮೊದಲ ವಾರ ನನ್ನನ್ನು ಹೆಚ್ಚು ಹಾಳು ಮಾಡಿದ್ದು ಕತೆ ಹೇಳುವ ಕೆಲಸ. ಗಾಡಿಯಲ್ಲಿ ಇಸ್ಪೀಟು ಆಡುವ ಗೆಳೆಯರು, ಆಫೀಸಿನವರು, ಬೀದಿಯವರು, ಎಲ್ಲರಿಗೂ ಪೂರ್ತಿ ಬೇಕು. "ಕಣ್ಣು ಬಿಟ್ಟಿದ್ರಾ?" "ಬಾಯಲ್ಲಿ ನೊರೆ ಬಂತಾ?" ಏಳೆಂಟು ಸಲ ಹೇಳಿದೆ, ಪ್ರತಿ ಸಲ ಹೇಳಿದ ಮೇಲೂ ರಾತ್ರಿ ಅದೇ ಚಟ್ ಸದ್ದಿಗೆ ಎದ್ದು ಕೂರುತ್ತಿದ್ದೆ. ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಅನ್ನುವ ಮಾತು ಯಾವಾಗಲೂ ನಿಜವಲ್ಲ. ಹೇಳಿಸಿಕೊಳ್ಳುವವರು ಯಾರು, ಯಾಕೆ ಅನ್ನುವುದರ ಮೇಲಿದೆ.

ಎಂಟನೇ ದಿನವೋ ಏನೋ, ರಾತ್ರಿ ಎರಡು ಗಂಟೆಗೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎತ್ತಿದ ಹೆಣ್ಣುಮಗಳು ಏನಾಯಿತು ಅಂತ ಕೆದಕಲಿಲ್ಲ. "ಎಷ್ಟು ಹೇಳಬೇಕು ಅನ್ಸುತ್ತೋ ಅಷ್ಟೇ ಹೇಳಿ ಸರ್" ಅಂದರು. ನಿದ್ದೆ, ಊಟ, ಕುಡಿತ ವಿಚಾರಿಸಿದರು. ಕುಡಿತ ಎರಡು ದಿನ ಇತ್ತು. ನಿಲ್ಲಿಸಿ ಅಂದರು, ನಿಲ್ಲಿಸಿದೆ. ಮೊದಲ ಕೆಲವು ವಾರ ಬೆಚ್ಚಿಬೀಳುವುದು, ಸದ್ದು ಕೇಳಿಸಿದಂತಾಗುವುದು, ಆ ಜಾಗ ತಪ್ಪಿಸಿ ಓಡಾಡುವುದು ಬಹಳ ಜನರಿಗೆ ಆಗುತ್ತದಂತೆ, ತಾನಾಗಿ ಇಳಿಯುತ್ತದಂತೆ. ತಿಂಗಳು ದಾಟಿಯೂ ಹಾಗೇ ಇದ್ದರೆ ಮನೋವೈದ್ಯರನ್ನು ನೋಡಲೇಬೇಕು ಅಂದರು. ನನಗೆ ಬೇಕಾಗಿದ್ದದ್ದು ಇದೇ ಇರಬೇಕು, ಒಂದು ದಿನದ ಲೆಕ್ಕ. ಕ್ಯಾಲೆಂಡರಿನಲ್ಲಿ ತಿಂಗಳಿಗೆ ಗುರುತು ಹಾಕಿದೆ. ಅಮ್ಮ ಅಷ್ಟರಲ್ಲಿ "ಹೆದರ್ಕೊಂಡವ್ನೆ" ಅಂತ ಎಲ್ಲಿಂದಲೋ ಅಂತ್ರ ತಂದು ಕಟ್ಟಿದ್ದಳು. ಅದನ್ನೂ ಬಿಚ್ಚಲಿಲ್ಲ. ಕಟ್ಟುವಾಗ ಅವಳು ನನ್ನ ತೋಳು ಹಿಡಿದುಕೊಂಡು ಕೂತಿದ್ದಳು, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ.

ಆದರೆ ಆ ಒಂದೆರಡು ನಿಮಿಷ? ಅದನ್ನು ಯಾರಿಗೂ ಹೇಳಿರಲಿಲ್ಲ. ಕತೆ ಹೇಳುವಾಗೆಲ್ಲ "ಬಿದ್ದ ತಕ್ಷಣ ಒತ್ತಿದೆ" ಅನ್ನುತ್ತಿದ್ದೆ. ಕೊನೆಗೆ ಅಕ್ಕನ ಮಗಳಿಗೆ ಹೇಳಿದೆ. ಅವಳು ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸು. "ಆ ಗೊರಗೊರ ಉಸಿರಲ್ಲ ಮಾವ. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಮೆದುಳಿನ ಬುಡ ಹಾಗೆ ಎಳೆದಾಡಿಸುತ್ತೆ. ಎಷ್ಟೋ ಜನ ಅದನ್ನ ನೋಡಿ ಉಸಿರಿದೆ ಅಂದ್ಕೋತಾರೆ" ಅಂದಳು. ಮೊದಲೇ ಒತ್ತಿದ್ದರೆ ಬದುಕುತ್ತಿದ್ದರಾ ಅಂತ ಕೇಳಿದೆ. ಸ್ವಲ್ಪ ಸುಮ್ಮನಿದ್ದು ಹೇಳಿದಳು: "ಪ್ರತಿ ನಿಮಿಷಕ್ಕೂ ಚಾನ್ಸ್ ಕಮ್ಮಿ ಆಗುತ್ತೆ, ಸುಳ್ಳು ಹೇಳಲ್ಲ. ಆದ್ರೆ ಆಸ್ಪತ್ರೆ ಹೊರಗೆ ಹೃದಯ ನಿಂತ್ರೆ, ತಕ್ಷಣ ಒತ್ತಿದ್ರೂ ಉಳಿಯೋರು ಕಮ್ಮಿ. ಸರಿಯಾಗಿ ಒತ್ತಿದ್ರೂ ಪಕ್ಕೆಲುಬು ಮುರಿಯೋದುಂಟು." ಎಲ್ಲರೂ "ನಿನ್ನ ತಪ್ಪೇನಿಲ್ಲ ಬಿಡು" ಅಂದಿದ್ದರು. ಏನು ಮಾಡಿದೆ ಅಂತಲೇ ತಿಳಿಯದೆ ಕೊಟ್ಟ ಆ ಕ್ಷಮೆ ನನಗೆ ತಾಗಿರಲಿಲ್ಲ. ಇವಳದು ತಾಗಿತು.

ಅವತ್ತು ರೈಲ್ವೆ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದೆ, ಅಲ್ಲಿಂದ ನಂಬರ್ ಪಡೆದು ತೀರಿಕೊಂಡವರ ಮಗ ಫೋನ್ ಮಾಡಿದರು. ತಿಥಿಗೆ ಬನ್ನಿ ಅಂದರು. ಯಾವ ಮುಖ ಹೊತ್ತು ಹೋಗಲಿ ಅಂತ ಎರಡು ದಿನ ಒದ್ದಾಡಿ, ಗುಬ್ಬಿ ಕಡೆಯ ಅವರ ಹಳ್ಳಿಗೆ ಹೋದೆ. ಅವರ ಹೆಂಡತಿ ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ: "ಒದ್ದಾಡಿದ್ರಾ ಸಾಮಿ?" ಹೃದಯ ನಿಂತರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ ಅಂತ ಅಕ್ಕನ ಮಗಳು ಹೇಳಿದ್ದಳು. "ಇಲ್ಲಮ್ಮ, ಅವ್ರಿಗೆ ಗೊತ್ತೇ ಆಗ್ಲಿಲ್ಲ" ಅಂದೆ. ನಿಜವನ್ನೇ ಹೇಳಿದೆ. ಆ ಎರಡು ನಿಮಿಷದ ಮಾತು ಅಲ್ಲಿ ಎತ್ತಲಿಲ್ಲ. ಅದು ನನ್ನ ಭಾರ, ಅವರ ಮೇಲೆ ಹೊರಿಸುವುದಲ್ಲ. ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು. ವಾಪಸ್ ಬರುವಾಗ ರಸ್ತೆ ಪಕ್ಕ ಬೈಕ್ ನಿಲ್ಲಿಸಿ, ಅದುವರೆಗೆ ಬಾರದಿದ್ದ ಅಳು ಅತ್ತೆ.

ತೆಂಗಿನಕಾಯಿಯ ಪಾಡು ಬೇರೆ. ಕಾಯಿ ಒಡೆಯುವ ಸದ್ದು ಕೇಳಿದರೆ ಅಂಗೈ ಬೆವರುತ್ತಿತ್ತು. ತುಮಕೂರು ಜಿಲ್ಲೆಯಲ್ಲಿದ್ದುಕೊಂಡು ತೆಂಗಿನಕಾಯಿಗೆ ಹೆದರುವ ಗಂಡಸಿನ ಗತಿ ಏನು ಹೇಳಿ! ದೇವಸ್ಥಾನ ಬಿಟ್ಟೆ, ಅಡುಗೆಮನೆ ಬಿಟ್ಟೆ. ಸ್ಟೇಷನ್ ಬಿಟ್ಟು ಬಸ್ಸು ಹಿಡಿದೆ. ಬಿಟ್ಟಷ್ಟೂ ಹೆದರಿಕೆಯ ಹೊಲ ದೊಡ್ಡದಾಗುತ್ತಾ ಹೋಯಿತು. ಹಾಗಾಗಿ ತಿರುಗಿ ಒಂದೊಂದೇ ಹೆಜ್ಜೆ ಹಾಕಿದೆ. ಮೊದಲು ಹೆಂಡತಿ ಒಡೆಯುವಾಗ ಪಡಸಾಲೆಯಲ್ಲಿ ಕೂತೆ, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ. ಒಂದು ಭಾನುವಾರ ನಾನೇ ಕತ್ತಿ ಹಿಡಿದೆ; ಮೂರು ಏಟು ಬೇಕಾಯಿತು, ನೀರೆಲ್ಲ ನೆಲದ ಪಾಲು. ಸ್ಟೇಷನ್ನಿಗೂ ಹೀಗೇ. ಒಂದು ದಿನ ಗೆಳೆಯನ ಜೊತೆ ಹೋಗಿ ಎದುರಿನ ಪ್ಲಾಟ್‌ಫಾರಂನಿಂದ ಆ ಬೆಂಚನ್ನು ನೋಡಿ ಬಂದೆ. ಅಷ್ಟೇ.

ರಾತ್ರಿಗಳಿಗೆ ಒದಗಿದ್ದು ರಂಗೋಲಿ. 2009ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಘೋರ ದೃಶ್ಯಗಳ ಫಿಲ್ಮ್ ತೋರಿಸಿ, ಅರ್ಧ ಗಂಟೆ ಬಿಟ್ಟು ಕೆಲವರಿಗೆ ಟೆಟ್ರಿಸ್, ಅಂದರೆ ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಕಂಪ್ಯೂಟರ್ ಆಟ, ಆಡಿಸಿದ್ದರು. ಆಡಿದವರಿಗೆ ಆ ದೃಶ್ಯಗಳು ಮರುಕಳಿಸಿದ್ದು ಕಡಿಮೆ. ಕಣ್ಣಿಗೂ ಲೆಕ್ಕಕ್ಕೂ ಕೆಲಸ ಕೊಟ್ಟರೆ ಚಿತ್ರ ಗಟ್ಟಿಯಾಗಿ ಕೂರಲು ಜಾಗ ಸಿಗುವುದಿಲ್ಲ ಅನ್ನುವ ಯೋಚನೆ. ಇದನ್ನು ಓದುವ ಹೊತ್ತಿಗೆ ನನಗೆ ಎರಡು ವಾರ ತಡವಾಗಿತ್ತು. ಆದರೂ ಮಗಳ ಪುಸ್ತಕ ತೆಗೆದುಕೊಂಡು ಹದಿನೈದು ಚುಕ್ಕಿಯಿಂದ ಎಂಟಕ್ಕೆ ಇಳಿಯುವ ರಂಗೋಲಿ ಬಿಡಿಸುತ್ತಾ ಕೂತೆ. ಎಳೆ ತಪ್ಪಿದರೆ ಮೊದಲಿನಿಂದ. ಪ್ರಯೋಗದ ಫಲವೋ, ಬರೀ ದಣಿವೋ, ಕಣ್ಣು ಎಳೆಯುತ್ತಿತ್ತು. "ಅಪ್ಪಾ, ನಿನ್ನ ಕಮಲ ಎಲೆಕೋಸಿನ ಥರ ಇದೆ" ಅಂದಳು ಮಗಳು.

ಗುರುತು ಹಾಕಿದ ತಾರೀಖು ಬರುವ ಹೊತ್ತಿಗೆ ರಾತ್ರಿ ಏಳುವುದು ವಾರಕ್ಕೊಮ್ಮೆಗೆ ಇಳಿದಿತ್ತು. ವೈದ್ಯರ ಬಳಿ ಹೋಗುವ ಪ್ರಸಂಗ ಬರಲಿಲ್ಲ, ಬಂದಿದ್ದರೆ ಹೋಗುತ್ತಿದ್ದೆ.

ಈಗ ಮತ್ತೆ ಅದೇ ಗಾಡಿ, ಅದೇ ಪ್ಲಾಟ್‌ಫಾರಂ. ಆ ಬೆಂಚಿನ ಮೇಲೆ ಮಾತ್ರ ಇನ್ನೂ ಕೂರುವುದಿಲ್ಲ. ಮೊನ್ನೆ ಒಬ್ಬ ಅಜ್ಜಿ ಯಶವಂತಪುರದಲ್ಲಿ ನಿಲ್ಲುತ್ತೇನಪ್ಪ ಅಂತ ಕೇಳಿತು. ನಿಲ್ಲುತ್ತೆ ಅಜ್ಜಿ ಅಂದೆ. ಮೊಬೈಲ್ ಜೇಬಿಗಿಟ್ಟು, ಎಲ್ಲಿಗೆ ಹೊರಟಿದೀರಿ ಅಂತ ಕೇಳಿದೆ.